ಮಾರ್ಕರ್ ಇಲ್ಲದ ಜಿಎಂ ಗಿಡ ಮಾಡೋದು ಹೆಂಗ: ಸೆಂಟ್ರಿಂಗ್ ಬಿಚ್ಚೋ ಲೆಕ್ಕ

ನಮ್ಮ ಕಾಕಾನ ಮಗ ಗಂಗಾವತ್ಯಾಗ ಸೆಂಟ್ರಿಂಗ್ ಕೆಲಸ ಮಾಡ್ತಾನ. ಹೋದ ದೀಪಾವಳಿಗೆ ಊಟಕ್ಕ ಕುಂತಾಗ "ಯಣ್ಣಾ, ನೀ ಲ್ಯಾಬ್‌ನಾಗ ದಿನಾ ಮಾಡೋದರ ಏನು, ಭತ್ತಾ ಬೆಳೀತೀಯೋ ಔಷಧಿ ಮಾಡ್ತೀಯೋ" ಅಂದ. ನಾ ಅಂದೆ, ನೀ ಸ್ಲ್ಯಾಬ್ ಹಾಕಾಕ ಮೊದ್ಲು ಶೀಟು ಕಂಬ ಕಟ್ತೀಯಲ್ಲ, ಕಾಂಕ್ರೀಟ್ ಗಟ್ಟಿ ಆದ ಮ್ಯಾಲ ಬಿಚ್ಚಿ ಒಯ್ತೀಯಲ್ಲ, ನಾವು ಇಷ್ಟು ದಿನ ಬಿಚ್ಚದಂಗ ಹಂಗ ಮನಿ ಮಾಲೀಕಗ ಒಪ್ಪಿಸಿ ಬಿಡ್ತಿದ್ವಿ, ಈಗ ಬಿಚ್ಚಾಕ ಕಲ್ಯಾಕತ್ತೀವಿ ಅಂತ. ಅವ ಒಂದು ತುತ್ತು ಬಾಯಾಗ ಇಟ್ಕೊಂಡ ಅಂದ, "ಹಂಗಾರ ಬಿಚ್ಚೋ ದಾರಿ ಕಟ್ಟೋ ಮೊದ್ಲ ಬಿಡಬೇಕಲ್ಲೋ, ನಾಕೂ ಕಡಿ ಗೋಡಿ ಕಟ್ಟಿ ಆದ ಮ್ಯಾಲ ಶೀಟು ಯಾ ಕಡಿಂದ ಹೊರಗ ತರ್ತಿ."

ನಾ ಎರಡು ವರ್ಷ ಕಳದು ಕಲ್ತಿದ್ದು ಇದನ್ನ. ಹೊರಗಿಂದ ಜೀನ್ ಹಾಕಿ ಮಾಡಿದ ಗಿಡ ಜಿಎಂ ಗಿಡ, ಆ ಜೀನ್ ಯಾವ ಕೋಶಕ್ಕ ಹತ್ತೈತಿ ಅಂತ ಗುರುತಿಸಾಕ ಜೊತಿಗೆ ಕಳಿಸೋ ಜೀನ್ ಮಾರ್ಕರ್, ನಮ್ಮ ಸೆಂಟ್ರಿಂಗ್ ಶೀಟು ಅದ. ಎಂಎಸ್ಸಿ ಮುಗಿಸಿ ಲ್ಯಾಬ್ ಸೇರೋ ನಮ್ಮ ಕಡಿ ಹುಡುಗ್ರು ಹುಡುಗ್ಯಾರು "ಅಣ್ಣಾ ಗಿಡ ರೆಡಿ ಐತಿ, ಮಾರ್ಕರ್ ತೆಗೆಯೋದು ಹೆಂಗ" ಅಂತ ಕೇಳ್ತಾರ. ಗಿಡ ರೆಡಿ ಆದ ಮ್ಯಾಲ ಕೇಳೋ ಪ್ರಶ್ನೆ ಅಲ್ಲ ಇದು. ವೆಕ್ಟರ್ (ಗಿಡದೊಳಗ ಜೀನ್ ಒಯ್ಯೋ ಡಿಎನ್‌ಎ) ಚಿತ್ರ ಹಾಳಿ ಮ್ಯಾಲ ಬರಿಯೋವಾಗ ಕೇಳ್ಬೇಕು. ಅದಕ್ಕ ಶುರುವಿಂದ ಬರೀತೀನಿ, ನಮ್ಮ ಕಡಿ ಬೆಳಿ ಭತ್ತ ಆದ್ದರಿಂದ ಭತ್ತದ್ದು ಜಾಸ್ತಿ ಇರ್ತೈತಿ, ಬ್ಯಾರೆ ಬೆಳಿದು ಸ್ವಲ್ಪ ಓಡಿಸ್ತೀನಿ.

ಮೊದ್ಲು ಮಾರ್ಕರ್ ಯಾಕ ಬೇಕಾಗ್ತೈತಿ ಅನ್ನೋದು. ಅಗ್ರೋಬ್ಯಾಕ್ಟೀರಿಯಂ ಅನ್ನೋ ಬ್ಯಾಕ್ಟೀರಿಯಾ ತನ್ನ ಟಿ-ಡಿಎನ್‌ಎ ಅನ್ನೋ ತುಂಡನ್ನ ಗಿಡದ ಜೀವಕೋಶದೊಳಗ ಕಳಿಸ್ತೈತಿ, ಆ ತುಂಡಿನ ಎರಡೂ ತುದಿಗೆ 25 ಅಕ್ಷರದ ಗಡಿ ಇರ್ತಾವ, ಲೆಫ್ಟ್ ಬಾರ್ಡರ್ ರೈಟ್ ಬಾರ್ಡರ್ ಅಂತ, ಆ ಗಡಿ ನಡುವ ನಾವು ಏನು ಇಟ್ರೂ ಅದು ಹೊತ್ಕೊಂಡು ಹೋಗ್ತೈತಿ. ಆದ್ರ ಲಕ್ಷಗಟ್ಟಲೆ ಕೋಶದಾಗ ಎಲ್ಲೋ ಕೆಲವಕ್ಕ ಮಾತ್ರ ಅದು ಹತ್ತೋದು. ಆ ಕೆಲವನ್ನ ಹುಡುಕಾಕ ಜೋಡಿ ಜೀನ್ ಒಂದು ಕಳಿಸ್ತೀವಿ: ಎನ್‌ಪಿಟಿ-ಟು ಇದ್ರ ಕನಾಮೈಸಿನ್‌ನಾಗ ಬದುಕ್ತೈತಿ, ಎಚ್‌ಪಿಟಿ ಇದ್ರ ಹೈಗ್ರೋಮೈಸಿನ್‌ನಾಗ ಬದುಕ್ತೈತಿ, ಬಾರ್ ಇದ್ರ ಗ್ಲುಫೋಸಿನೇಟ್ ಅನ್ನೋ ಕಳೆನಾಶಕ ಹೊಡದ್ರೂ ಬದುಕ್ತೈತಿ. ಔಷಧಿ ಹಾಕಿದ ಪ್ಲೇಟ್‌ನಾಗ ಇಟ್ರ ಜೀನ್ ಇಲ್ಲದ ಕೋಶ ಸಾಯ್ತಾವ, ಇದ್ದವು ಉಳೀತಾವ. ಅಷ್ಟ ಅದರ ಕೆಲಸ. ಗಿಡ ಹುಟ್ಟಿದ ಮ್ಯಾಲ ಅದು ದಂಡ.

ಆದ್ರ ಅದರಿಂದ ವಿಷ ಆಗ್ತೈತಿ ಅಂತ ನಾ ಹೇಳಾಕತ್ತಿಲ್ಲ. ಎನ್‌ಪಿಟಿ-ಟು ಇದ್ದ ಟೊಮ್ಯಾಟೊನ ಅಮೆರಿಕಾದಾಗ 1994ರಾಗ ಮಾರಾಟಕ್ಕ ಬಿಟ್ಟಿದ್ರು, ನಮ್ಮ ರಾಯಚೂರು ಕಡಿ ಹತ್ತಿ ಹೊಲದಾಗ ಬೆಳೆಯೋ ಬಿಟಿ ಹತ್ತಿಗೆ ಮೂಲ ಆದ, 2002ರಾಗ ಅನುಮತಿ ಸಿಕ್ಕ ಜಿಎಂ ಸಾಲು, ಅಂದ್ರ ಈವೆಂಟ್‌ನಾಗೂ ಎನ್‌ಪಿಟಿ-ಟು ಐತಿ, ಅದರಿಂದ ಯಾರೂ ಸತ್ತಿಲ್ಲ. ತೆಗೀಬೇಕು ಅನ್ನೋದಕ್ಕ ನನ್ನ ಕಾರಣ ಬ್ಯಾರೆ. ಒಂದು, ಒಂದ ಗಿಡಕ್ಕ ಮುಂದ ಇನ್ನೊಂದು ಜೀನ್ ಹಾಕಬೇಕಾದ್ರ ಅದ ಮಾರ್ಕರ್ ಮತ್ತ ಉಪಯೋಗಕ್ಕ ಬರಂಗಿಲ್ಲ, ಗಿಡ ಆಗ್ಲೇ ಆ ಔಷಧಿಗೆ ಜಗ್ಗಂಗಿಲ್ಲ ಅಲ್ಲ, ನಮ್ಮ ಕೈಯಾಗ ಇರೋ ಒಳ್ಳೆ ಮಾರ್ಕರ್ ಬೆರಳೆಣಿಕಿಯಷ್ಟ. ಇನ್ನೊಂದು, ಅನುಮತಿ. ಯುರೋಪ್‌ನವ್ರು 2001ರ ನಿರ್ದೇಶನದಾಗ ತೊಂದ್ರೆ ಕೊಡಬಹುದಾದ ಆಂಟಿಬಯೋಟಿಕ್ ಮಾರ್ಕರ್ ಹಂತ ಹಂತವಾಗಿ ಬಿಡಬೇಕು ಅಂತ ಬರದ್ರು. ನಮ್ಮಲ್ಲಿ ಡಿಎಂಎಚ್-11 ಅನ್ನೋ ಜಿಎಂ ಸಾಸಿವಿ ಜಗಳ ನೋಡ್ರಿ, 2022ರಾಗ ಪರಿಸರ ಬಿಡುಗಡೆಗೆ ಒಪ್ಪಿಗಿ ಸಿಕ್ಕರೂ ಸುಪ್ರೀಂ ಕೋರ್ಟ್‌ನಾಗ 2024ರಾಗ ಇಬ್ಬರು ನ್ಯಾಯಮೂರ್ತಿಗಳು ಎರಡು ತರ ತೀರ್ಪು ಕೊಟ್ರು, ಆ ಜಗಳಕ್ಕ ಇದ್ದ ಕಾರಣಗಳಾಗ ಅದರೊಳಗಿನ ಬಾರ್ ಜೀನ್ ಒಂದು. ಕೆಲಸ ಮುಗಿದ ಮ್ಯಾಲೂ ಕುಂತ ಜೀನ್ ಹೆಂಗ ತಲಿನೋವು ತರ್ತೈತಿ ಅನ್ನಾಕ ಅದು ಸಾಕು.

ಕಟ್ಟೋ ಮೊದ್ಲು

ಇದು ಮನ್ಯಾಗ ಮಾಡೋ ಕೆಲಸ ಅಲ್ಲ ಅಂತ ಬರೀಲಿಕ್ಕೂ ನಗು ಬರ್ತೈತಿ, ಆದ್ರ ಬರೀಬೇಕು. ಸಂಸ್ಥೆಯ ಬಯೋಸೇಫ್ಟಿ ಕಮಿಟಿ ಒಪ್ಪಿಗಿ ಇಲ್ಲದ ಜಿಎಂ ಕೆಲಸ ಶುರು ಮಾಡಬ್ಯಾಡ್ರಿ, ಅದರ ಮ್ಯಾಲ ಆರ್‌ಸಿಜಿಎಂ, ಅದರ ಮ್ಯಾಲ ಜಿಇಎಸಿ ಅನ್ನೋ ಕೇಂದ್ರ ಸರ್ಕಾರದ ಕಮಿಟಿ ಐತಿ, ಎಲ್ಲಾ 1989ರ ನಿಯಮದ ಕೆಳಗ ಬರ್ತಾವ. ಕಾಗದ ಶುರುವಾದ ದಿನಾನ ಒಂದು ಫೈಲ್ ತೆಗೀರಿ, ಯಾವ ಗಿಡ ಯಾವ ಕೋಶದ ಗಡ್ಡಿ, ಅಂದ್ರ ಕ್ಯಾಲಸ್‌ನಿಂದ ಬಂತು ಅಂತ ಆವಾಗ್ಲಿಂದ ಬರೀರಿ, ಕಡೀಗೆ ಅದ ಕೇಳ್ತಾರ.

ಈಗ ಪ್ರಶ್ನೆ: ನಿಮ್ಮ ಬೆಳಿ ಬೀಜದಿಂದ ಹುಟ್ಟತೈತೋ ಕಂದಿನಿಂದೋ ಗೂಟಿಯಿಂದೋ. ಭತ್ತ, ಹತ್ತಿ, ಜ್ವಾಳ, ಶೇಂಗಾ ಇವು ಬೀಜದವು, ಮುಂದಿನ ಪೀಳಿಗ್ಯಾಗ ಜೀನು ಬ್ಯಾರೆ ಬ್ಯಾರೆ ಆಗ್ತಾವ, ಹಂಗಾಗಿ ಬಿತ್ತಿ ಬೇರ್ಪಡಿಸಬಹುದು. ಆನೆಗುಂದಿ ಕಡಿ ಬಾಳಿ ಬೆಳೀತಾರಲ್ಲ, ಕೊಪ್ಪಳ ಕಡಿ ದಾಳಿಂಬ್ರಿ, ಅವು ಬೀಜದಿಂದ ಬೆಳಿಯೋವಲ್ಲ, ಬಿತ್ತಿ ಬೇರ್ಪಡಿಸ್ತೀನಿ ಅಂದ್ರ ತಳಿಯ ಗುಣಾನ ಕೆಟ್ಟು ಹೋಗ್ತೈತಿ, ಬಾಳ್ಯಾಗಂತೂ ಬೀಜಾನ ಇಲ್ಲ. ಅವಕ್ಕ ಕತ್ತರಿಸಿ ತೆಗೆಯೋ ದಾರಿ ಬೇಕು, ಇಲ್ಲಾ ಮೊದ್ಲಿಂದ ಮಾರ್ಕರ್ ಹಾಕದಂಗ ಮಾಡಬೇಕು. ಈ ಒಂದು ಪ್ರಶ್ನೆಗೆ ಉತ್ತರ ಸಿಕ್ರ ಅರ್ಧ ಕೆಲಸ ಮುಗೀತು.

ನಾ ಕೆಟ್ಟಿದ್ದು ಇಲ್ಲೇ. ಆಗ ನನ್ನ ಕೈಗೆ ಸಿಕ್ಕಿದ್ದು ಪಿಕ್ಯಾಂಬಿಯಾ-1301, ಎಲ್ಲರ ಫ್ರಿಜ್‌ನಾಗೂ ಇರೋ ವೆಕ್ಟರ್. ಅದರಾಗ ಹೈಗ್ರೋಮೈಸಿನ್ ಜೀನೂ ನಮ್ಮ ಜೀನೂ ಒಂದ ಟಿ-ಡಿಎನ್‌ಎ ಒಳಗ, ಅಕ್ಕಪಕ್ಕ ಕುಂತಿರ್ತಾವ. ಸವಳು ತಡಿಯೋ ಜೀನ್ ಹಾಕಿ (ನಮ್ಮ ಎಡದಂಡಿ ಕಾಲುವಿ ಕೆಳಗಿನ ಎಷ್ಟೋ ಹೊಲ ನೀರು ಜಾಸ್ತಿ ಆಗಿ ಸವಳು ಬಿದ್ದಾವ, ಅದಕ್ಕ ಆ ಜೀನ್) ಚಂದಾಗಿ ಗಿಡ ಮಾಡ್ಕೊಂಡು, ಮುಂದಿನ ಪೀಳಿಗ್ಯಾಗ ಮಾರ್ಕರ್ ಉದುರಿ ಹೋಗ್ತೈತಿ ಅಂತ ಕುಂತೆ. ಹೆಂಗ ಉದುರ್ತೈತಿ, ಒಂದ ಹಗ್ಗಕ್ಕ ಕಟ್ಟಿದ ಎರಡು ಎತ್ತು, ಒಂದು ಹೋದಲ್ಲಿ ಇನ್ನೊಂದು ಹೋಗ್ತೈತಿ. ನಾಕನೂರು ಸಸಿ ನೋಡಿದ ಮ್ಯಾಲ ತಲ್ಯಾಗ ಹೊಳೀತು.

ಎರಡು ಟಿ-ಡಿಎನ್‌ಎ ದಾರಿ

ಬೀಜದ ಬೆಳಿಗೆ ನನಗ ಇದ ಸರಿ ಅನ್ನಿಸ್ತೈತಿ, ಯಾಕಂದ್ರ ಇದರಾಗ ಚಮತ್ಕಾರ ಏನಿಲ್ಲ, ಮೆಂಡಲ್ ಇದ್ದಾನ ಅಷ್ಟ. ನಮ್ಮ ಜೀನ್ ಒಂದು ಟಿ-ಡಿಎನ್‌ಎ ಒಳಗ, ಮಾರ್ಕರ್ ಇನ್ನೊಂದರೊಳಗ, ಎರಡನ್ನೂ ಒಂದ ಸಲ ಕ್ಯಾಲಸ್‌ಗೆ ಕೊಡೋದು. ಕೆಲವು ಕೋಶದಾಗ ಎರಡೂ ಹತ್ತತಾವ, ಅದೃಷ್ಟ ಇದ್ರ ಬ್ಯಾರೆ ಬ್ಯಾರೆ ಕ್ರೋಮೊಸೋಮ್‌ನಾಗ ಕುಂದ್ರತಾವ, ಮುಂದಿನ ಪೀಳಿಗ್ಯಾಗ ದಾರಿ ಬ್ಯಾರೆ ಆಗ್ತಾವ. ಜಪಾನ್ ಟೊಬ್ಯಾಕೊ ಕಂಪನಿಯ ಕೊಮಾರಿ ತಂಡ 1996ರಾಗ ತಂಬಾಕು ಮತ್ತ ಭತ್ತದಾಗ ಇದನ್ನ ಚಂದಾಗಿ ತೋರಿಸ್ತು, ಮಾರ್ಕರ್ ಹತ್ತಿದ ಗಿಡದಾಗ ಅರ್ಧದ ಹತ್ರ ನಮ್ಮ ಜೀನೂ ಹತ್ತಿತ್ತು.

ಎರಡನ್ನ ಕೊಡೋದಕ್ಕ ಮೂರು ಬಗಿ ಐತಿ. ಎರಡು ಬ್ಯಾರೆ ಬ್ಯಾರೆ ಬ್ಯಾಕ್ಟೀರಿಯಾ ಕಲಸಿ ಕೊಡೋದು, ಒಂದ ಬ್ಯಾಕ್ಟೀರಿಯಾದಾಗ ಎರಡು ಪ್ಲಾಸ್ಮಿಡ್ (ಉಂಗುರದಂಥ ಡಿಎನ್‌ಎ, ನಮ್ಮ ವೆಕ್ಟರ್ ಅದ) ಇಡೋದು, ಇಲ್ಲಾ ಒಂದ ಪ್ಲಾಸ್ಮಿಡ್‌ನಾಗ ಎರಡು ಟಿ-ಡಿಎನ್‌ಎ ಬ್ಯಾರೆ ಬ್ಯಾರೆ ಗಡಿ ಹಾಕಿ ಇಡೋದು. ಕ್ಲೋನಿಂಗ್ ಕೈ ಹತ್ತಿದವ್ರು ಮೂರನೇದ ಮಾಡ್ರಿ, ಎರಡೂ ಜೊತಿ ಹತ್ತೋ ಸಾಧ್ಯತಿ ಜಾಸ್ತಿ. ಹೊಸಬ್ರು ಮೊದಲನೇದ ಮಾಡ್ರಿ, ಹೊಸಾ ವೆಕ್ಟರ್ ಕಟ್ಟೋ ತಾಪತ್ರಯ ಇಲ್ಲ. ಕಲಸೋವಾಗ ನಾ ನಮ್ಮ ಜೀನ್ ಇರೋದು ಮೂರು ಪಾಲು, ಮಾರ್ಕರ್ ಇರೋದು ಒಂದು ಪಾಲು ಹಾಕ್ತೀನಿ, ಔಷಧಿಯಾಗ ಬದುಕಿದ್ದಕ್ಕ ನಮ್ಮ ಜೀನೂ ಇರ್ಲಿ ಅಂತ. ಇನ್ನೊಂದು ಉಪಾಯ ಐತಿ, ಮಾರ್ಕರ್ ಇರೋ ಟಿ-ಡಿಎನ್‌ಎ ಒಳಗ ಕೆಂಪು ಹೊಳಿಯೋ ಪ್ರೋಟೀನ್‌ದು ಜೀನ್ ಸೇರಿಸಿ ಕಾಳಿನೊಳಗ ಕಾಣಿಸೋಹಂಗ ಮಾಡ್ರಿ, ಮುಂದ ಕಾಳು ಆರಿಸೋವಾಗ ಹೊಳಿಯೋವನ್ನ ಪಕ್ಕಕ್ಕ ಹಾಕಿದ್ರ ಮಾರ್ಕರ್ ಇರೋವು ಹೋದವು, ಅಕ್ಕಿ ಆರಿಸಿ ಕಲ್ಲು ತೆಗದಂಗ. ಅದೊಂದು ಫಿಲ್ಟರ್ ಇರೋ ಟಾರ್ಚು ಬೇಕಾಗ್ತೈತಿ ಅಷ್ಟ.

ಇನ್ನ ಕೆಲಸದ ವಿಷಯ. ಬೀಜ ಸಿಪ್ಪಿ ಸುಲದು, 70 ಪರ್ಸೆಂಟ್ ಆಲ್ಕೋಹಾಲ್‌ನಾಗ ಒಂದು ನಿಮಿಷ, ಆಮ್ಯಾಲ ಬ್ಲೀಚ್‌ನಾಗ ಅರ್ಧ ತಾಸು ಅಲ್ಲಾಡಿಸಿ, ಸ್ಟೆರೈಲ್ ನೀರಾಗ ಐದು ಸಲ ತೊಳೀರಿ. ಎನ್‌-6 ಮೀಡಿಯಾದಾಗ ಲೀಟರಿಗೆ 2 ಮಿಲಿಗ್ರಾಂ 2,4-ಡಿ ಅನ್ನೋ ಹಾರ್ಮೋನ್ ಹಾಕಿ ಬೀಜ ಇಟ್ಟು ಕತ್ತಲಾಗ 26 ಡಿಗ್ರ್ಯಾಗ ಮೂರು ವಾರ ಬಿಡ್ರಿ. ಜಪಾನ್ ಭತ್ತಕ್ಕ ಹೋಲಿಸಿದ್ರ ನಮ್ಮ ಇಂಡಿಕಾ ತಳಿ ಭಾಳ ಹಟ ಮಾಡ್ತಾವ, ಬಿಪಿಟಿ ಅಂತೂ ಮೊದಲನೇ ಸಲಕ್ಕ ಕಣ್ಣಾಗ ನೀರು ತರಿಸ್ತೈತಿ. ಕ್ಯಾಲಸ್ ಬಂದಾಗ ಕಣ್ಣು ಬೇಕು: ಹಳದಿ ಬಿಳಪು ಬಣ್ಣ, ಒಣಗಿದ್ದು, ಒತ್ತಿದ್ರ ರವಾ ಉಂಡಿ ಹಂಗ ಪುಡಿ ಪುಡಿ ಬಿಡೋದು ಮಾತ್ರ ಇಟ್ಕೋರಿ. ನೀರು ನೀರು ಆಗಿ ಲೋಳಿ ಬಂದದ್ದು, ಕಂದು ತಿರುಗಿದ್ದು ಎಷ್ಟ ದೊಡ್ಡದಿದ್ರೂ ಒಗೀರಿ, ಅದರಿಂದ ಗಿಡ ಬರಂಗಿಲ್ಲ. ಇನ್‌ಫೆಕ್ಷನ್‌ಗೆ ಮೂರ್ನಾಕು ದಿನ ಮೊದ್ಲ ಹೊಸ ಪ್ಲೇಟ್‌ಗೆ ಬದ್ಲಿ ಮಾಡ್ರಿ.

ಬ್ಯಾಕ್ಟೀರಿಯಾ ಮೀಡಿಯಾಕ್ಕ ಅಸಿಟೊಸಿರಿಂಗೋನ್ 100 ಮೈಕ್ರೋಮೋಲಾರ್ ಹಾಕ್ರಿ, ಅಂದಾಜು ಲೀಟರಿಗೆ 20 ಮಿಲಿಗ್ರಾಂ. ಭತ್ತಕ್ಕ ಇದು ಇಲ್ಲದಿದ್ರ ಬ್ಯಾಕ್ಟೀರಿಯಾ ಎದ್ದು ಕೆಲಸ ಮಾಡಂಗಿಲ್ಲ. ಹದಿನೈದು ಇಪ್ಪತ್ತು ನಿಮಿಷ ಮುಳುಗಿಸಿ ತೆಗೀರಿ, ತೆಗದ ಮ್ಯಾಲ ಕ್ಯಾಲಸ್ ಒಣ ಕಾಗದದ ಮ್ಯಾಲ ಚಂದಾಗಿ ಒರಸ್ರಿ. ಇಲ್ಲಿ ಅವಸರ ಮಾಡಿದವ್ರು ಮುಂದ ಹದಿನೈದು ದಿನ ಬ್ಯಾಕ್ಟೀರಿಯಾ ಜೊತಿ ಜಗಳಾಡ್ತಾರ. ಕತ್ತಲಾಗ 25 ಡಿಗ್ರ್ಯಾಗ ಎರಡು ಮೂರು ದಿನ ಒಟ್ಟಿಗೆ ಬಿಟ್ಟು, ಬ್ಯಾಕ್ಟೀರಿಯಾ ಕೊಲ್ಲೋ ಸೆಫೊಟ್ಯಾಕ್ಸಿಮ್ ಲೀಟರಿಗೆ 250 ಮಿಲಿಗ್ರಾಂ ಹಾಕಿದ ನೀರಾಗ ತೊಳದು, ಅದ ಸೆಫೊಟ್ಯಾಕ್ಸಿಮ್ ಜೊತಿ ಹೈಗ್ರೋಮೈಸಿನ್ 50 ಮಿಲಿಗ್ರಾಂ ಹಾಕಿದ ಪ್ಲೇಟ್‌ಗೆ ಬದ್ಲಿ ಮಾಡ್ರಿ, ಎರಡು ವಾರಕ್ಕೊಂದು ಸಲ, ಎರಡು ಇಲ್ಲಾ ಮೂರು ಸುತ್ತು. ನಮ್ಮ ಕಡಿ ಮೇ ತಿಂಗಳಾಗ ಕರೆಂಟ್ ಹೋದ್ರ ಕಲ್ಚರ್ ರೂಮ್ ಒಂದ ತಾಸಿನಾಗ 35 ದಾಟ್ತೈತಿ, ಅದಕ್ಕ ಈ ಹಂತನ್ನ ಬ್ಯಾಸಿಗಿಗೆ ಇಟ್ಕೋಬ್ಯಾಡ್ರಿ, ಅಕ್ಟೋಬರ್‌ನಾಗ ಶುರು ಮಾಡ್ರಿ, ಬ್ಯಾಸಿಗಿಯಾಗ ಬೀಜ ಎಣಿಸ್ಕೊಂಡು ಕುಂದ್ರಬಹುದು.

ಒಂದು ಕ್ಯಾಲಸ್ ತುಂಡಿಂದ ಬಂದ ಎಲ್ಲಾ ಗಿಡಕ್ಕ ಒಂದ ನಂಬರ್. ಇದನ್ನ ಬಿಟ್ರ ಒಂದ ಗಿಡನ್ನ ಹತ್ತು ಗಿಡ ಅಂತ ಎಣಿಸ್ಕೊಂಡು ಖುಷಿ ಪಡ್ತೀರಿ. ಉಳಿದ ಬೆಳವಣಿಗಿ ಮಾಮೂಲಿ: ಸೈಟೊಕೈನಿನ್ ಅನ್ನೋ ಹಾರ್ಮೋನ್ ಇರೋ ಮೀಡಿಯಾದಾಗ ಚಿಗುರು, ಅರ್ಧಕ್ಕ ತೆಳು ಮಾಡಿದ ಎಂಎಸ್ ಮೀಡಿಯಾದಾಗ ಬೇರು, ಆಮ್ಯಾಲ ಕುಂಡ.

ಎಲಿ ಸಾಯೋದು ಒಳ್ಳೆ ಸುದ್ದಿ

ಈಗ ಟಿ-ಝೀರೋ ಗಿಡ, ಅಂದ್ರ ಕ್ಯಾಲಸ್‌ನಿಂದ ನೇರ ಬಂದ ಮೊದಲನೇ ಗಿಡ, ಕೈಗೆ ಬಂದಾವ. ನಲವತ್ತು ಬಂದಾವ ಅನ್ನೋಣ. ಎಲ್ಲದರ ಎಲಿ ತಗೊಂಡು ನಮ್ಮ ಜೀನಿಗೂ ಮಾರ್ಕರಿಗೂ ಪಿಸಿಆರ್ (ಒಂದು ಡಿಎನ್‌ಎ ತುಂಡು ಐತೋ ಇಲ್ಲೋ ಅಂತ ಅದನ್ನ ಹೆಚ್ಚಿಸಿ ನೋಡೋ ಪರೀಕ್ಷೆ) ಮಾಡ್ರಿ. ಮಾರ್ಕರ್ ಎಲ್ಲದಕ್ಕೂ ಇರ್ತೈತಿ, ಔಷಧಿಯಾಗ ಬದುಕ್ಯಾವಲ್ಲ, ನಮ್ಮ ಜೀನ್ ಅರ್ಧಕ್ಕ ಇದ್ರ ಖುಷಿ ಪಡ್ರಿ. ಆ ಅರ್ಧನ್ನ ಮಾತ್ರ ಮುಂದ ಒಯ್ಯೋದು.

ಇಲ್ಲೊಂದು ಹೊಂಡ ಐತಿ, ನಾನೂ ಬಿದ್ದೀನಿ. ಒಂದ್ಸಲ 54 ಗಿಡದ ಪಿಸಿಆರ್ ಹಾಕಿದ್ರ 54ಕ್ಕ 54 ಪಾಸಿಟಿವ್, ನಾ ಅವತ್ತು ಇಡೀ ಲ್ಯಾಬಿಗೆ ಮಿರ್ಚಿ ಭಜಿ ತರಿಸಿದೆ. ಮರುದಿನ ಮೇಡಂ ಜೆಲ್ ಫೋಟೊ ನೋಡಿ "ಬ್ಯಾಕ್ಟೀರಿಯಾದ್ದು ನೋಡಿದೇನಪಾ" ಅಂದ್ರು. ನೋಡಿದ್ದಿಲ್ಲ. ಗಿಡದ ಎಲಿಯೊಳಗ ಅಗ್ರೋಬ್ಯಾಕ್ಟೀರಿಯಂ ಇನ್ನೂ ಜೀವಂತ ಇತ್ತು, ಪಿಸಿಆರ್ ಅದರ ಪ್ಲಾಸ್ಮಿಡ್‌ನ ಎತ್ತಿ ತೋರಿಸಿತ್ತು. ಹಂಗಾಗಿ ಒಂದು ಪ್ರೈಮರ್ ಜೋಡಿ (ಪಿಸಿಆರ್ ಯಾವ ತುಂಡು ಎತ್ತಬೇಕು ಅಂತ ತೋರಿಸೋ ಸಣ್ಣ ಡಿಎನ್‌ಎ) ಬ್ಯಾಕ್ಟೀರಿಯಾದ ಸ್ವಂತ ಜೀನಿಗೆ ಇಡ್ರಿ, ವಿರ್ ಜೀನ್ ಯಾವದಾದ್ರೂ ಆದೀತು, ಅದು ಗಿಡಕ್ಕ ಹೋಗಂಗಿಲ್ಲ. ಅದು ಜೆಲ್ ಮ್ಯಾಲ ಗೆರಿ, ಅಂದ್ರ ಬ್ಯಾಂಡ್ ಕೊಟ್ರ ನಿಮ್ಮ ಪಾಸಿಟಿವ್ ನಂಬಬ್ಯಾಡ್ರಿ. ಇನ್ನೊಂದು ಜೋಡಿ ಪ್ಲಾಸ್ಮಿಡ್‌ನ ಗಡಿ ಹೊರಗಿನ ಭಾಗಕ್ಕ, ಅಂದ್ರ ಬ್ಯಾಕ್‌ಬೋನ್‌ಗೆ, ಇಡ್ರಿ, ಯಾಕಂದ್ರ ಲೆಫ್ಟ್ ಬಾರ್ಡರ್‌ನಾಗ ನಿಲ್ಲಬೇಕಾದ್ದು ಎಷ್ಟೋ ಸಲ ನಿಲ್ಲದಂಗ ಮುಂದಕ್ಕ ಹೋಗಿ ಬ್ಯಾಕ್‌ಬೋನ್‌ನೂ ಎಳ್ಕೊಂಡು ಗಿಡಕ್ಕ ಹೋಗ್ತೈತಿ. ಬ್ಯಾಕ್‌ಬೋನ್‌ನಾಗ ಬ್ಯಾಕ್ಟೀರಿಯಾಕ್ಕಂತ ಇಟ್ಟ ಕನಾಮೈಸಿನ್ ಜೀನ್ ಇರ್ತೈತಿ, ಅದ ಗಿಡಕ್ಕ ಹೋದ್ರ ಇಷ್ಟೆಲ್ಲಾ ಮಾಡಿದ್ದು ಹೊಳ್ಯಾಗ ಹುಣಸಿಹಣ್ಣು ತೊಳದಂಗ. ವೆಕ್ಟರ್ ಕಟ್ಟೋವಾಗ್ಲೇ ಲೆಫ್ಟ್ ಬಾರ್ಡರ್‌ನ ಎರಡು ಮೂರು ಸಲ ಸಾಲಾಗಿ ಇಟ್ರ ಈ ಕಾಟ ಭಾಳ ಕಡಿಮಿ ಆಗ್ತೈತಿ.

ಟಿ-ಝೀರೋ ಗಿಡನ್ನ ಪಾಲಿಹೌಸ್‌ನಾಗ ಬೆಳಸಿ ತೆನಿಗೆ ಚೀಲ ಕಟ್ಟಿ ಬೀಜ ತಗೋರಿ. ಈಗ ಬಿತ್ತೋದು, ಇಲ್ಲಿ ಎಲ್ಲಾ ಹೊಸಬ್ರೂ ಒಂದ ತಪ್ಪು ಮಾಡ್ತಾರ: ರೂಢಿ ಮ್ಯಾಲ ಬೀಜನ್ನ ಹೈಗ್ರೋಮೈಸಿನ್ ಪ್ಲೇಟ್‌ನಾಗ ಇಡ್ತಾರ. ನಮಗ ಬೇಕಾದವ ಸಾಯೋವು ಅಲ್ಲೇನ್ರಿ! ಮಾರ್ಕರ್ ಇಲ್ಲದ್ದು ಹೈಗ್ರೋಮೈಸಿನ್‌ನಾಗ ಸಾಯ್ತೈತಿ, ಬದುಕಿದವು ನಮಗ ಬ್ಯಾಡಾದವು. ಹಂಗಾಗಿ ಸಾದಾ ನೀರಾಗ ಮೊಳಕಿ ಬರಿಸಿ, ಟ್ರೇದಾಗ ಸಸಿ ಮಡಿ ಮಾಡಿ, ಮೂರು ವಾರದ ಸಸಿ ಎಲಿ ತುಂಡು ತಗೋರಿ.

ಇದನ್ನ ಸ್ವಲ್ಪ ನಿಧಾನಕ್ಕ ಹೇಳ್ತೀನಿ, ನನಗ ಭಾಳ ಸೇರೋ ಕೆಲಸ ಇದು. 24 ಖಾನಿ ಇರೋ ಪ್ಲ್ಯಾಸ್ಟಿಕ್ ಪ್ಲೇಟ್ ತಗೊಂಡು ಒಂದೊಂದು ಖಾನ್ಯಾಗ ಒಂದೊಂದು ಸಸಿದು ಎರಡು ಸೆಂಟಿಮೀಟರ್ ಎಲಿ ತುಂಡು, ಎಲಿ ಎಳೇದಿರಬೇಕು, ಮುದಿ ಎಲಿ ತಾನ ಹಳದಿ ಆಗಿ ಮೋಸ ಮಾಡ್ತೈತಿ. ನೀರಿಗೆ ಹೈಗ್ರೋಮೈಸಿನ್ ಲೀಟರಿಗೆ 50 ಮಿಲಿಗ್ರಾಂ, ಎಲಿ ಲಗೂ ಮುಪ್ಪಾಗಬಾರದಂತ ಚೂರು ಬಿಎಪಿ. ಪಕ್ಕದಾಗ ಇನ್ನೊಂದು ಪ್ಲೇಟ್‌ನಾಗ ಜೀನ್ ಹಾಕದ ಮೂಲ ತಳಿ ಎಲಿ ಹೈಗ್ರೋಮೈಸಿನ್‌ನಾಗೂ, ಸಾದಾ ನೀರಾಗೂ. ಬೆಳಕಿನಾಗ ಇಟ್ಟು ಮೂರನೇ ದಿನದಿಂದ ನೋಡಿಕೋತ ಬರ್ರಿ. ಮೊದ್ಲು ಕತ್ತರಿಸಿದ ಅಂಚಿನಾಗ ಸಣ್ಣ ಕಂದು ಗೆರಿ ಕಾಣತೈತಿ, ಬೆಂಕಿ ರೋಗದ ಚುಕ್ಕಿ ಹಂಗ, ಐದನೇ ದಿನಕ್ಕ ಅದು ಎಲಿ ತುಂಬ ಹರಡಿ ನೆನೆದ ಚಹಾಪುಡಿ ಬಣ್ಣ ಆಗ್ತೈತಿ. ಪಕ್ಕದ ಖಾನ್ಯಾಗಿನ ಎಲಿ ಅದ ನೀರಾಗ ಹಸರ ಹಸರ ತೇಲ್ಕೊಂಡು ಇರ್ತೈತಿ. ಕಂದು ಆದದ್ದರ ನಂಬರ್ ಬರ್ಕೋರಿ, ಸಸಿ ಟ್ರೇದಾಗ ಜೀವಂತ ಐತಿ, ಅದರಾಗ ಪಿಸಿಆರ್ ಮಾಡಿದ್ರ ನಮ್ಮ ಜೀನ್ ತೋರಿಸೋದು ಯಾವುದೋ ಅದ ನಮ್ಮದು.

ಲೆಕ್ಕ ಹಿಂಗ: ಎರಡೂ ಜೀನು ಒಂದೊಂದ ಜಾಗಾದಾಗ, ಬ್ಯಾರೆ ಬ್ಯಾರೆ ಕಡಿ ಕುಂತಿದ್ರ ಒಂದು ಬೀಜದಾಗ ನಮ್ಮ ಜೀನ್ ಇರೋ ಸಾಧ್ಯತಿ 4ಕ್ಕ 3, ಮಾರ್ಕರ್ ಇಲ್ಲದಿರೋದು 4ಕ್ಕ 1, ಎರಡೂ ಸೇರಿ 16ಕ್ಕ 3. ಅಂದ್ರ ಒಂದು ಗಿಡದ 24 ಬೀಜ ಹಾಕಿದ್ರ ನಾಕೋ ಐದೋ ಸಿಗಬೇಕು. 24ರಾಗ ಒಂದೂ ಸಿಗಲಿಲ್ಲ ಅಂದ್ರ ಅದು ಬರೇ ದುರದೃಷ್ಟ ಆಗಿರೋ ಸಾಧ್ಯತಿ ನೂರಕ್ಕ ಒಂದಕ್ಕಿಂತ ಕಡಿಮಿ, ಎರಡೂ ಜೀನು ಒಂದ ಕಡಿ ಅಂಟಿಕೊಂಡು ಕುಂತಾವ ಅಂತ ತಿಳ್ಕೊಂಡು ಆ ಸಾಲು ಬಿಟ್ಟು ಮುಂದಿನ ಸಾಲಿಗೆ ಹೋಗ್ರಿ. ಇನ್ನೂ ನೂರು ಬೀಜ ಹಾಕಿ ನೋಡೋಣ ಅನ್ನೋ ಆಸಿ ಬಿಡ್ರಿ, ಆ ಜಾಗಾದಾಗ ಬ್ಯಾರೆ ಗಿಡದ ಬೀಜ ಹಾಕ್ರಿ.

ಸಿಕ್ಕ ನಾಕೈದರಾಗ ಮೂರಕ್ಕ ಒಂದು ನಮ್ಮ ಜೀನಿಗೆ ಹೋಮೋಜೈಗಸ್ (ಜೋಡಿ ಕ್ರೋಮೊಸೋಮ್ ಎರಡರಾಗೂ ಜೀನ್ ಇರೋದು) ಇರ್ತೈತಿ, ಯಾವ್ದು ಅಂತ ಮುಂದಿನ ಪೀಳಿಗ್ಯಾಗ ಗೊತ್ತಾಗ್ತೈತಿ: ಒಂದೊಂದರ 16 ಸಸಿ ಪಿಸಿಆರ್ ಮಾಡ್ರಿ, 16ಕ್ಕ 16 ಪಾಸಿಟಿವ್ ಬಂದ್ರ ಅದ.

ಕತ್ತರಿಸಿ ತೆಗೆಯೋದು

ಬೀಜದಿಂದ ಬೇರ್ಪಡಿಸಾಕ ಆಗದಿದ್ರ ಕ್ರೆ-ಲಾಕ್ಸ್. ಪಿ-1 ಅನ್ನೋ ಬ್ಯಾಕ್ಟೀರಿಯಾ ವೈರಸ್‌ನಿಂದ ಬಂದದ್ದು. ಲಾಕ್ಸ್ ಅನ್ನೋದು 34 ಅಕ್ಷರದ ಒಂದು ಗುರುತು, ಮಾರ್ಕರ್‌ನ ಎರಡೂ ಕಡಿ ಒಂದ ದಿಕ್ಕಿಗೆ ಮುಖ ಮಾಡಿ ಒಂದೊಂದು ಇಟ್ರ ಕ್ರೆ ಅನ್ನೋ ಎಂಜೈಮ್ ಬಂದು ನಡುವಿಂದನ್ನ ಉಂಗುರ ಮಾಡಿ ಹೊರಗ ಒಗೀತೈತಿ, ಒಂದು ಲಾಕ್ಸ್ ಮಾತ್ರ ಉಳೀತೈತಿ. ಎದುರು ಬದುರು ಮುಖ ಮಾಡಿ ಇಟ್ರ ಹೊರಗ ಬರಂಗಿಲ್ಲ, ಅಲ್ಲೇ ತಲಿಕೆಳಗಾಗ್ತೈತಿ, ಅದಕ್ಕ ಚಿತ್ರದಾಗ ಬಾಣದ ಗುರುತು ಎರಡೆರಡು ಸಲ ನೋಡ್ರಿ. 1991ರಾಗ ತಂಬಾಕಿನಾಗ ಹೈಗ್ರೋಮೈಸಿನ್ ಜೀನ್‌ನ ಹಿಂಗ ತೆಗದಿದ್ರು, ಲೈಸಿನ್ ಜಾಸ್ತಿ ಇರೋ ಎಲ್‌ವೈ-038 ಅನ್ನೋ ಗೋವಿನಜ್ವಾಳದಾಗ ಎನ್‌ಪಿಟಿ-ಟು ತೆಗದದ್ದೂ ಹಿಂಗ. ಇದ ಕೆಲಸ ಮಾಡೋ ಯೀಸ್ಟ್‌ದು ಇನ್ನೊಂದು ಜೋಡಿ ಐತಿ, ಎಫ್‌ಎಲ್‌ಪಿ-ಎಫ್‌ಆರ್‌ಟಿ ಅಂತ.

ಕ್ರೆ ತರೋದು ಹೆಂಗ ಅನ್ನೋದ ತೊಡಕು. ಕ್ರೆ ಇರೋ ಇನ್ನೊಂದು ಗಿಡದ ಜೊತಿ ಕ್ರಾಸ್ ಮಾಡಬಹುದು, ಆದ್ರ ಆಮ್ಯಾಲ ಕ್ರೆನ ತೆಗೀಬೇಕು, ಮತ್ತೊಂದು ಪೀಳಿಗಿ, ಬಾಳಿಯಂಥಾದಕ್ಕ ಆಗೋ ಮಾತಲ್ಲ. ಹಂಗಾಗಿ ಕ್ರೆನೂ ಲಾಕ್ಸ್ ನಡುವನ ಇಟ್ಟು ಅದಕ್ಕೊಂದು ಸ್ವಿಚ್ ಹಾಕೋದು, ಬಿಸಿ ತಾಗಿದ್ರ ಆನ್ ಆಗೋದು, ಇಲ್ಲಾ ಎಸ್ಟ್ರಾಡಯೋಲ್ ಕೊಟ್ರ ಆನ್ ಆಗೋದು. ಆನ್ ಆದ ಕೂಡ್ಲೆ ಮಾರ್ಕರ್ ಜೊತಿ ತನ್ನನ್ನೂ ತಾನ ಕತ್ತರಿಸ್ಕೊಂಡು ಹೊರಗ ಹೋಗ್ತೈತಿ. ಬಿಸಿ ಸ್ವಿಚ್‌ದು ಪುಸ್ತಕದಾಗ 42 ಡಿಗ್ರಿ ಅಂತ ಬರ್ದಿರ್ತೈತಿ, ರಾಯಚೂರಾಗ ಮೇ ತಿಂಗಳಾಗ ಮಧ್ಯಾಹ್ನ ಗಿಡ ಹೊರಗ ಇಟ್ರ ಇನ್‌ಕ್ಯುಬೇಟರ್ ಖರ್ಚು ಉಳೀತು ಅಂತ ನಾವು ನಗ್ತಿರ್ತೀವಿ, ಆದ್ರ ನಗೋ ಮಾತಲ್ಲ, ಸೆಲೆಕ್ಷನ್ ಮುಗಿಯೋ ಮೊದ್ಲ ಎಸಿ ಕೈ ಕೊಟ್ರ ಮಾರ್ಕರ್ ಹೋಗಿ ಕ್ಯಾಲಸ್ ಅರ್ಧಕ್ಕ ಸಾಯ್ತೈತಿ. ನಮ್ಮ ಕಡಿಯವ್ರು ಎಸ್ಟ್ರಾಡಯೋಲ್ ಸ್ವಿಚ್ ಇಟ್ಕೋರಿ. ಸ್ವಿಚ್ ಹಾಕಿದ ಮ್ಯಾಲೂ ಒಂದ ಗಿಡದಾಗ ಕೆಲವು ಕೋಶದಾಗ ಹೋಗಿ ಕೆಲವದರಾಗ ಉಳದಿರ್ತೈತಿ, ಮತ್ತೊಂದ್ಸಲ ಚಿಗುರು ಬರಿಸಿ ಆರಿಸ್ರಿ.

ಸೈಟೊಕೈನಿನ್ ತಯಾರಿಸೋ ಐಪಿಟಿ ಜೀನ್ ಇಟ್ಟು ಮಾಡೋ ಮ್ಯಾಟ್ ವೆಕ್ಟರ್ ಅಂತಲೂ ಐತಿ, ಜಪಾನಿನವ್ರು 1997ರಾಗ ಮಾಡಿದ್ದು: ಜೀನ್ ಹತ್ತಿದ್ದು ಪೊರಕಿ ಹಂಗ ಗೊಂಚಲು ಗೊಂಚಲು ಚಿಗುರ್ತೈತಿ, ಅದು ಕತ್ತರಿಸಿ ಹೋದ ಮ್ಯಾಲ ಸಾದಾ ಚಿಗುರು ಬರ್ತೈತಿ, ಕಣ್ಣಿಲೆ ನೋಡಿ ಆರಿಸಬಹುದು. ನಾ ಕೈಯಾರ ಮಾಡಿಲ್ಲ.

ಮಾರ್ಕರ್‌ನ ಹಾಕದಂಗ

ಕಡೀದ್ದು ಮೊಂಡು ದಾರಿ, ಮಾರ್ಕರ್‌ನ ಹಾಕಬ್ಯಾಡ್ರಿ, ಎಲ್ಲಾ ಚಿಗುರು ಬೆಳಸಿ ಪಿಸಿಆರ್ ಮಾಡಿ ಹುಡುಕ್ರಿ. 2003ರಾಗ ನೆದರ್‌ಲ್ಯಾಂಡ್ಸ್‌ನವ್ರು ಆಲೂಗಡ್ಡ್ಯಾಗ ಹಿಂಗ ಮಾಡಿ ನೂರು ಚಿಗುರಿಗೆ ಒಂದರಿಂದ ಐದರ ತನಕ ಪಾಸಿಟಿವ್ ತಗದ್ರು. ಬ್ಯಾಕ್ಟೀರಿಯಾ ಜೋರಿದ್ದು, ಬೆಳಿ ಲಗೂ ಒಗ್ಗೋದಿದ್ರ ಮಾತ್ರ ಇದು. ಭತ್ತದ ಕ್ಯಾಲಸ್‌ಗೆ ಇದನ್ನ ಮಾಡಿ ಅಂತ ನಾ ಹೇಳಂಗಿಲ್ಲ. ಮಾಡೋದಿದ್ರ ಖರ್ಚು ಉಳಿಸೋ ಉಪಾಯ ಹೇಳ್ತೀನಿ: ಹತ್ತು ಚಿಗುರಿನ ಎಲಿ ಒಂದ ಟ್ಯೂಬ್‌ನಾಗ ಹಾಕಿ ಒಂದ ಪಿಸಿಆರ್ ಮಾಡ್ರಿ. ನೂರಕ್ಕ ಎರಡು ಸಿಗ್ತೈತಿ ಅಂತ ಹಿಡೀರಿ, 500 ಚಿಗುರಿಗೆ 50 ಟ್ಯೂಬು, ಅದರಾಗ ಹತ್ತರ ಸುತ್ತ ಪಾಸಿಟಿವ್, ಆ ಹತ್ತನ್ನ ಬಿಚ್ಚಿದ್ರ ಇನ್ನೂ ನೂರು. 500ರ ಜಾಗಾದಾಗ 150ರಾಗ ಮುಗೀತು.

ಮ್ಯಾನೋಸ್ ಸಕ್ಕರಿ ತಿಂದು ಬದುಕೋಹಂಗ ಮಾಡೋ ಪಿಎಂಐ ಜೀನ್‌ನ ಕೆಲವ್ರು ಮಾರ್ಕರ್ ಇಲ್ಲದ್ದು ಅಂತ ಹೇಳ್ತಾರ, ಗೋಲ್ಡನ್ ರೈಸ್‌ನಾಗ ಅದ ಐತಿ. ಆಂಟಿಬಯೋಟಿಕ್ ಇಲ್ಲ ಅಷ್ಟ, ಮಾರ್ಕರ್ ಐತಿ. ಫೈಲ್‌ನಾಗ ಮಾರ್ಕರ್-ಫ್ರೀ ಅಂತ ಬರೀಬ್ಯಾಡ್ರಿ.

ಕ್ರಿಸ್ಪರ್ (ಗಿಡದ ಸ್ವಂತ ಜೀನ್‌ನ ಅಲ್ಲೇ ತಿದ್ದೋ ವಿಧಾನ) ಮಾಡೋವ್ರಿಗೆ ಈ ಲೆಕ್ಕಾನ ಇನ್ನೂ ಬಿಗಿ. ಅಲ್ಲಿ ಕತ್ತರಿಸೋ ಕ್ಯಾಸ್-9, ಜಾಗಾ ತೋರಿಸೋ ಗೈಡ್, ಹೈಗ್ರೋಮೈಸಿನ್ ಎಲ್ಲಾ ಒಂದ ಟಿ-ಡಿಎನ್‌ಎ ಒಳಗ ಇದ್ರೂ ನಡೀತೈತಿ, ಯಾಕಂದ್ರ ನಮಗ ಬೇಕಾದ ತಿದ್ದುಪಡಿ ಬ್ಯಾರೆ ಜಾಗಾದಾಗ ಆಗಿರ್ತೈತಿ, ಟಿ-ಡಿಎನ್‌ಎ ಇಡೀ ಗಂಟು ಬಿಟ್ಟು ಹೋದ ಸಸಿ 4ಕ್ಕ 1 ಸಿಗ್ತೈತಿ, ಮೇಲಿನ ಎಲಿ ಪರೀಕ್ಷೆ ಹಂಗ ಉಪಯೋಗಕ್ಕ ಬರ್ತೈತಿ. ಕೇಂದ್ರದವ್ರು 2022ರ ಮಾರ್ಚ್‌ನಾಗ ಎಸ್‌ಡಿಎನ್-1, ಎಸ್‌ಡಿಎನ್-2 ಅನ್ನೋ ಬಗಿಯ ಜೀನ್ ತಿದ್ದಿದ ಗಿಡಗಳಿಗೆ 1989ರ ನಿಯಮದ ಕೆಲವು ಕಟ್ಟಳಿಯಿಂದ ವಿನಾಯಿತಿ ಕೊಟ್ರು, ಆದ್ರ ಹೊರಗಿನ ಡಿಎನ್‌ಎ ಇರಬಾರದು ಅಂತ ಷರತ್ತು ಐತಿ, ಒಂದು ತುಂಡು ಮಾರ್ಕರ್ ಉಳದ್ರೂ ಮತ್ತ ಜಿಎಂ ದಾರಿಗೆ ಬರ್ತೀರಿ. 2025ರ ಮೇ ತಿಂಗಳಾಗ ಘೋಷಣೆ ಆದ, ಹಿಂಗ ತಿದ್ದಿದ ಎರಡು ಭತ್ತದ ತಳಿಯಾಗ ಕಮಲಾ ಅಂತ ಹೆಸರಿಟ್ಟ ಡಿಆರ್‌ಆರ್ ಧಾನ್-100 ಸಾಂಬಾ ಮಸೂರಿಯಿಂದ ಮಾಡಿದ್ದು, ಅಂದ್ರ ನಮ್ಮ ಗಂಗಾವತಿ ಸಿಂಧನೂರು ಸಿರುಗುಪ್ಪದಾಗ ಬಿಪಿಟಿ ಅಂತ ನಾಟಿ ಹಚ್ಚೋದ. ಇನ್ನೊಂದು ಎಂಟಿಯು-1010ರಿಂದ ಮಾಡಿದ ಪೂಸಾ ಡಿಎಸ್‌ಟಿ ರೈಸ್-1.

ಇಲ್ಲ ಅಂತ ತೋರಿಸೋದು

ಮಾರ್ಕರ್ ಐತಿ ಅಂತ ತೋರಿಸಾಕ ಒಂದು ಬ್ಯಾಂಡ್ ಸಾಕು. ಇಲ್ಲ ಅಂತ ತೋರಿಸಾಕ ಬ್ಯಾಂಡ್ ಬರದಿದ್ರ ಸಾಲಂಗಿಲ್ಲ, ಡಿಎನ್‌ಎ ಕೆಟ್ಟಿದ್ರೂ ಬ್ಯಾಂಡ್ ಬರಂಗಿಲ್ಲ, ಟ್ಯೂಬಿಗೆ ಎಂಜೈಮ್ ಹಾಕಾಕ ಮರತ್ರೂ ಬರಂಗಿಲ್ಲ. ಹಂಗಾಗಿ ಅದ ಡಿಎನ್‌ಎದಾಗ ಭತ್ತದ ಸ್ವಂತ ಆಕ್ಟಿನ್ ಜೀನಿಗೆ ಬ್ಯಾಂಡ್ ಬಂದದ್ದು ಅದ ಜೆಲ್‌ನಾಗ ತೋರಿಸ್ರಿ. ಮಾರ್ಕರಿಗೆ ಒಂದು ಪ್ರೈಮರ್ ಜೋಡಿ ಸಾಲದು, ಜೀನಿನ ಶುರುವಿಗೊಂದು, ಕೊನಿಗೊಂದು ಇಡ್ರಿ, ಮುರದು ಅರ್ಧ ತುಂಡು ಹತ್ತಿರೋದು ಕಾಣಲಿ. ಬ್ಯಾಕ್‌ಬೋನ್‌ದು ಮತ್ತೊಂದು. ಆಮ್ಯಾಲ ಸದರ್ನ್ ಬ್ಲಾಟ್ (ಡಿಎನ್‌ಎ ಕತ್ತರಿಸಿ ಜೆಲ್‌ನಾಗ ಬಿಟ್ಟು ಅದರಾಗ ಒಂದು ಜೀನ್ ಹುಡುಕೋ ಪರೀಕ್ಷೆ) ಮಾಡ್ರಿ, ಬ್ಯಾಸರ ಆಗ್ತೈತಿ, ಮೂರು ದಿನ ಹಿಡೀತೈತಿ, ಆದ್ರ ಎಷ್ಟು ಕಾಪಿ ಹತ್ಯಾವ ಅಂತಲೂ ಅದರಾಗ ಗೊತ್ತಾಗ್ತೈತಿ. ರೊಕ್ಕ ಇದ್ದ ಲ್ಯಾಬ್‌ನವ್ರು ಇಡೀ ಜೀನೋಮ್ ಸೀಕ್ವೆನ್ಸ್ ಮಾಡಿಸಿ ಒಂದ ಸಲಕ್ಕ ಮುಗಿಸ್ತಾರ.

ಬೀಜದ ಪೊಟ್ಟಣದ ಮ್ಯಾಲ ಬರಿಯೋದು: ಕ್ಯಾಲಸ್ ನಂಬರ್, ಟಿ-ಝೀರೋ ಗಿಡ, ಟಿ-ಒನ್ (ಅದರ ಬೀಜದಿಂದ ಬಂದ) ಸಸಿ, ಎಲಿ ಪರೀಕ್ಷೆ ತಾರೀಖು, ಜೆಲ್ ಫೋಟೊ ನಂಬರ್. ಪೆನ್ಸಿಲ್‌ಲೆ ಬರೀರಿ, ಮಾರ್ಕರ್ ಪೆನ್‌ಲೆ ಬ್ಯಾಡ, ಆಲ್ಕೋಹಾಲ್ ತಾಗಿದ್ರ ಅಳಸಿ ಹೋಗ್ತೈತಿ. ನಮ್ಮ ಕಾಕಾನ ಮಗಗ ಇದನ್ನ ಹೇಳಿದ್ರ "ಈ ಮಾರ್ಕರ್ ಮಾತ್ರ ತಾನ ಹೋಗ್ತೈತೇನೋ ಯಣ್ಣಾ" ಅಂತ ನಕ್ಕ.